ಪ್ರೇಷಕದ ಪಾಠ ಮೊದಲು, ವಿಮಾನ ಆಮೇಲೆ

ಶಿವಮೊಗ್ಗ ಮತ್ತು ಭದ್ರಾವತಿಗಳ ನಡುವೆ, ಸೋಗಾನೆಯಲ್ಲಿ, ೨೦೨೩ರ ಫೆಬ್ರವರಿ ೨೭ರಂದು ವಿಮಾನನಿಲ್ದಾಣವು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ ೩೧ರಿಂದ ಪ್ರಯಾಣಿಕರ ವಿಮಾನಗಳು ಅಲ್ಲಿ ಬಂದಿಳಿಯತೊಡಗಿದವು. ಮೂರು ಸಾವಿರದ ಇನ್ನೂರು ಮೀಟರು ಉದ್ದದ ಓಡುದಾರಿ ತಮ್ಮ ಊರಿನ ಅಂಚಿನಲ್ಲೇ ಇರುವಾಗ, ಈ ಎರಡು ನಗರಗಳ ವಿದ್ಯಾರ್ಥಿಗಳಿಗೆ ತಾವೂ ಒಂದು ಪುಟ್ಟ ವಿಮಾನವನ್ನು ಕಟ್ಟಿ ಹಾರಿಸಬೇಕೆಂಬ ಹಂಬಲ ಹುಟ್ಟಿದರೆ ಅದರಲ್ಲಿ ಆಶ್ಚರ್ಯವಿಲ್ಲ. ಆ ಹಂಬಲವನ್ನು ನಾವು ಮೆಚ್ಚುತ್ತೇವೆ. ಥರ್ಮಕೋಲಿನ ರೆಕ್ಕೆಯೊಂದನ್ನು ಕೊಯ್ದು, ಅದರ ತೂಕದ ಕೇಂದ್ರವನ್ನು ಬೆರಳ ತುದಿಯಲ್ಲಿ ಹುಡುಕಿದ ವಿದ್ಯಾರ್ಥಿಯು ಯಂತ್ರಶಾಸ್ತ್ರದ ಒಂದು ಅಧ್ಯಾಯವನ್ನು ಕೈಯಿಂದಲೇ ಕಲಿತಂತೆ.

ಆದರೆ ಈ ಹವ್ಯಾಸಕ್ಕೆ ಹೊಸದಾಗಿ ಬರುವವರ ಪ್ರಶ್ನೆಗಳನ್ನು ಗಮನಿಸಿದರೆ ಒಂದು ಕೊರತೆ ಎದ್ದು ಕಾಣುತ್ತದೆ. ಯಾವ ಮೋಟಾರು ಒಳ್ಳೆಯದು, ಎಷ್ಟು ಎತ್ತರಕ್ಕೆ ಏರುತ್ತದೆ, ಎಷ್ಟು ವೇಗವಾಗಿ ಹೋಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಕೈಯಲ್ಲಿ ಹಿಡಿದಿರುವ ಪೆಟ್ಟಿಗೆಯ ವಿಷಯವನ್ನು, ಅಂದರೆ ರೇಡಿಯೋ ಪ್ರೇಷಕದ ವಿಷಯವನ್ನು, ಕೇಳುವವರು ವಿರಳ. ಅದರ ಸಂಕೇತವು ನಡುವೆ ಕಡಿದುಹೋದರೆ ವಿಮಾನವು ಏನು ಮಾಡುತ್ತದೆ ಎಂಬ ಪ್ರಶ್ನೆಯಂತೂ ಕೇಳಿಬರುವುದೇ ಇಲ್ಲ. ನಮ್ಮ ಅಭಿಪ್ರಾಯದಲ್ಲಿ ಮೊಟ್ಟಮೊದಲು ಕೇಳತಕ್ಕ ಪ್ರಶ್ನೆ ಅದೇ. ಅದಕ್ಕೆ ಉತ್ತರವನ್ನು ನಾಲ್ಕು ಜನರ ಎದುರಿಗೆ ನೆಲದ ಮೇಲೆ ಮಾಡಿ ತೋರಿಸದ ಹೊರತು ಯಾವ ಶಾಲೆಯೂ ಯಾವ ಕಾಲೇಜೂ ತನ್ನ ವಿದ್ಯಾರ್ಥಿಗಳ ವಿಮಾನವನ್ನು ಆಕಾಶಕ್ಕೆ ಬಿಡಬಾರದು.

ಪ್ರೇಷಕದ ಕೆಲಸವೇನೆಂಬುದನ್ನು ಸ್ವಲ್ಪ ನೋಡೋಣ. ನಾವು ಸ್ಟಿಕ್ಕನ್ನು ಅಲುಗಿಸಿದಾಗ ಅದರ ಸ್ಥಾನವು ಒಂದು ಸಂಖ್ಯೆಯಾಗಿ ರೇಡಿಯೋ ತರಂಗದ ಮೇಲೇರಿ ವಿಮಾನದೊಳಗಿನ ಗ್ರಾಹಕವನ್ನು ಸೇರುತ್ತದೆ. ಗ್ರಾಹಕವು ಅದನ್ನು ವಿದ್ಯುತ್ತಿನ ಚಿಕ್ಕ ಮಿಡಿತವಾಗಿ ಮಾಡಿ ಸರ್ವೋ ಎಂಬ ಪುಟ್ಟ ಯಂತ್ರಕ್ಕೆ ಕೊಡುತ್ತದೆ. ಸಾಮಾನ್ಯ ಸರ್ವೋಗಳಲ್ಲಿ ಮಿಡಿತವು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲವಿದ್ದರೆ ತೋಳು ಒಂದು ತುದಿಗೆ ಹೋಗುತ್ತದೆ. ಎರಡು ಭಾಗದಷ್ಟಿದ್ದರೆ ಇನ್ನೊಂದು ತುದಿಗೆ. ಒಂದೂವರೆ ಭಾಗವಿದ್ದರೆ ನಡುವೆ ನಿಲ್ಲುತ್ತದೆ.

ಭದ್ರಾವತಿಯ ಆಕಾಶವಾಣಿಯನ್ನು ಮಲೆನಾಡಿನ ಮನೆಗಳು ದಶಕಗಳ ಕಾಲ ೬೭೫ ಕಿಲೋಹರ್ಟ್ಸಿನಲ್ಲಿ ಕೇಳಿದವು. ಆ ತರಂಗದ ಉದ್ದ ಸುಮಾರು ೪೪೪ ಮೀಟರು. ಗುಡ್ಡ, ಮರ, ಮನೆ ಇವು ಅಂಥ ದೊಡ್ಡ ತರಂಗಕ್ಕೆ ಹೆಚ್ಚಿನ ಅಡ್ಡಿಯಲ್ಲ. ಇಂದಿನ ಮಾದರಿ ವಿಮಾನದ ಪ್ರೇಷಕಗಳಾದರೋ ಬಹುಪಾಲು ೨.೪ ಗಿಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತವೆ. ಅವುಗಳ ತರಂಗದ ಉದ್ದ ಹನ್ನೆರಡೂವರೆ ಸೆಂಟಿಮೀಟರು, ಒಂದು ಗೇಣಿಗಿಂತಲೂ ಕಡಿಮೆ. ಇದನ್ನು ತಡೆಯಲು ನಮ್ಮ ದೇಹವೇ ಸಾಕು. ಮಳೆಯಲ್ಲಿ ನೆನೆದ ಅಡಿಕೆ ತೋಟ, ವಿಮಾನದೊಳಗಿನ ಬ್ಯಾಟರಿ, ಕಾರ್ಬನ್ ನಾರಿನ ರೆಕ್ಕೆ ಇವೆಲ್ಲವೂ ಇದನ್ನು ಕುಗ್ಗಿಸುತ್ತವೆ. ಆದುದರಿಂದ ಗ್ರಾಹಕದ ಆಂಟೆನಾ ತಂತಿಗಳು ಎರಡಿದ್ದರೆ ಅವುಗಳನ್ನು ಒಂದಕ್ಕೊಂದು ಲಂಬವಾಗಿ, ಬ್ಯಾಟರಿಯಿಂದ ದೂರವಾಗಿ ಅಂಟಿಸಬೇಕು. ತುದಿಯಲ್ಲಿ ಕವಚವಿಲ್ಲದ ಮೂರು ಸೆಂಟಿಮೀಟರಿನಷ್ಟು ಭಾಗವೇ ನಿಜವಾದ ಆಂಟೆನಾ. ಅಲಂಕಾರಕ್ಕಾಗಿ ಅದನ್ನು ಕತ್ತರಿಸುವುದಾಗಲಿ ಮಡಿಸುವುದಾಗಲಿ ಕೂಡದು. ಪ್ರೇಷಕದ ಆಂಟೆನಾ ಹೊರಗಿದ್ದರೆ ಅದರ ತುದಿಯನ್ನು ಬಂದೂಕಿನಂತೆ ವಿಮಾನಕ್ಕೆ ಗುರಿಯಿಡುವ ಅಭ್ಯಾಸವನ್ನು ಬಿಡಬೇಕು. ಕಡ್ಡಿಯಂಥ ಆಂಟೆನಾದಿಂದ ತರಂಗಗಳು ಪಕ್ಕಗಳಿಗೆ ಬಲವಾಗಿ ಹೊರಡುತ್ತವೆ, ತುದಿಯ ದಿಕ್ಕಿಗೆ ಅತ್ಯಲ್ಪ.

ಹಿಂದಿನ ಪ್ರೇಷಕಗಳು ಹೀಗಿರಲಿಲ್ಲ. ಅವು ೨೭ ಅಥವಾ ೭೨ ಮೆಗಾಹರ್ಟ್ಸಿನಂತಹ ಆವರ್ತನಗಳಲ್ಲಿ ನಡೆಯುತ್ತಿದ್ದವು. ಮೀಟರು ಉದ್ದದ ಆಂಟೆನಾವನ್ನು ಎಳೆದು ಚಾಚಬೇಕಾಗಿತ್ತು. ಒಂದೇ ಆವರ್ತನದಲ್ಲಿ ಇಬ್ಬರು ಪ್ರೇಷಕಗಳನ್ನು ಹಾಕಿದರೆ ಒಬ್ಬನ ವಿಮಾನವಂತೂ ಬೀಳಲೇಬೇಕು. ಅದಕ್ಕಾಗಿ ಮೈದಾನದಲ್ಲಿ ಒಂದು ಹಲಗೆಯನ್ನಿಟ್ಟು, ಯಾರ ಬಳಿ ಯಾವ ಆವರ್ತನದ ಕ್ಲಿಪ್ಪು ಇದೆಯೋ ಅವರೇ ಹಾರಿಸತಕ್ಕದ್ದೆಂದು ಕಟ್ಟುಮಾಡಿಕೊಂಡಿದ್ದರು. ಇಂದಿನ ಪ್ರೇಷಕವು ತನ್ನ ಆವರ್ತನವನ್ನು ಸೆಕೆಂಡಿಗೆ ಹಲವು ಬಾರಿ ಬದಲಿಸುತ್ತ ಜಿಗಿಯುತ್ತದೆ. ಆ ಜಿಗಿತದ ಕ್ರಮವು ಅದಕ್ಕೂ ಅದರ ಜೋಡಿ ಗ್ರಾಹಕಕ್ಕೂ ಮಾತ್ರ ಗೊತ್ತು. ಈ ಜೋಡಣೆಗೆ ಬೈಂಡಿಂಗ್ ಎನ್ನುತ್ತಾರೆ. ಇದರಿಂದ ಹಳೆಯ ತೊಂದರೆ ಹೆಚ್ಚುಕಡಿಮೆ ಇಲ್ಲವಾಯಿತು. ಜೊತೆಗೆ ಹಲಗೆಯ ಮುಂದೆ ನಿಂತು ಪರಸ್ಪರ ವಿಚಾರಿಸುವ ಶಿಸ್ತೂ ಹೋಯಿತು. ಈ ನಷ್ಟವನ್ನು ನಾವು ಸಣ್ಣದೆಂದು ಎಣಿಸುವುದಿಲ್ಲ.

ಈಗ ಮುಖ್ಯ ವಿಷಯ. ಸಂಕೇತವು ಕಡಿದಾಗ ಗ್ರಾಹಕವು ಎರಡರಲ್ಲಿ ಒಂದನ್ನು ಮಾಡಬಹುದು. ಕೊನೆಯ ಬಾರಿ ಬಂದ ಆಜ್ಞೆಯನ್ನೇ ಹಿಡಿದುಕೊಂಡಿರಬಹುದು. ಇಲ್ಲವೆ ಮೊದಲೇ ಹೇಳಿಟ್ಟ ಸ್ಥಿತಿಗೆ ಬರಬಹುದು. ಎರಡನೆಯದಕ್ಕೆ ಫೇಲ್‌ಸೇಫ್ ಎಂದು ಹೆಸರು. ಆ ಸ್ಥಿತಿಯಲ್ಲಿ ಮೋಟಾರು ನಿಂತಿರಬೇಕು. ಇದರಲ್ಲಿ ಎರಡು ಮಾತಿಲ್ಲ. ಕೊನೆಯ ಆಜ್ಞೆಯು ಪೂರ್ಣ ವೇಗದ್ದಾಗಿದ್ದು ಗ್ರಾಹಕವು ಅದನ್ನೇ ಹಿಡಿದುಕೊಂಡರೆ ಏನಾದೀತು? ಸೆಕೆಂಡಿಗೆ ೨೦ ಮೀಟರು ವೇಗದ ವಿಮಾನವು ಗಾಳಿಯ ಜೊತೆ ನೇರವಾಗಿ ಹೊರಟರೆ ಮೂರು ನಿಮಿಷಗಳಲ್ಲಿ ೩.೬ ಕಿಲೋಮೀಟರು ದೂರ ಹೋಗಿರುತ್ತದೆ. ಅದರ ತೂಕ ಒಂದೂವರೆ ಕಿಲೋಗ್ರಾಂ ಎನ್ನೋಣ. ಆ ವೇಗದಲ್ಲಿ ಅದರ ಚಲನಶಕ್ತಿ ೩೦೦ ಜೂಲ್. ಸಂಖ್ಯೆಯಿಂದ ಅರಿವಾಗದಿದ್ದರೆ ಹೀಗೆ ತಿಳಿಯಬಹುದು: ಇಪ್ಪತ್ತು ಮೀಟರು ಎತ್ತರದ ತೆಂಗಿನಮರದಿಂದ ಒಂದೂವರೆ ಕಿಲೋ ತೂಗುವ ಕಾಯಿಯೊಂದು ಬಿದ್ದು ನೆಲಮುಟ್ಟುವಾಗ ಅದರಲ್ಲಿರುವ ಶಕ್ತಿಯೂ ಅಷ್ಟೇ. ಕಾಯಿಯು ಮರದ ಬುಡದಲ್ಲಿ ಬೀಳುತ್ತದೆ. ವಿಮಾನವು ಎಲ್ಲಿ ಬೀಳುತ್ತದೆಂದು ಹೇಳಬಲ್ಲವರಿಲ್ಲ. ಅದರ ಮೂತಿಯಲ್ಲಿ ತಿರುಗುವ ಪ್ರೊಪೆಲ್ಲರು ಬೇರೆ ಇರುತ್ತದೆ.

ಬೀರೂರಿನಿಂದ ಶಿವಮೊಗ್ಗಕ್ಕೆ ಬರುವ ರೈಲಿನಲ್ಲಿ ಕುಳಿತವರು ಯಾರೂ ಬ್ರೇಕಿನ ಕೊಳವೆಯನ್ನು ಕುರಿತು ಚಿಂತಿಸುವುದಿಲ್ಲ. ಆ ಕೊಳವೆಯು ಹರಿದರೆ ಬ್ರೇಕು ಬಿಟ್ಟುಹೋಗುವುದಿಲ್ಲ, ತಾನೇ ಹಿಡಿದುಕೊಳ್ಳುತ್ತದೆ. ಹಾಗೆ ಅದನ್ನು ರಚಿಸಿದ್ದಾರೆ. ಭದ್ರಾವತಿಯಂಥ ಕಬ್ಬಿಣದ ಕಾರ್ಖಾನೆಯ ಊರಿನವರಿಗೆ ಇದು ಹೊಸ ಮಾತಲ್ಲ. ಭಾರವನ್ನೆತ್ತುವ ಕ್ರೇನಿಗೆ ವಿದ್ಯುತ್ತು ನಿಂತಾಗ ಸ್ಪ್ರಿಂಗಿನ ಬಲದಿಂದ ಬ್ರೇಕು ಕಚ್ಚಿಕೊಳ್ಳುತ್ತದೆ, ಸರಕು ಕೆಳಗಿನವರ ಮೇಲೆ ಬೀಳುವುದಿಲ್ಲ. ಯಂತ್ರವು ಕೆಡುವುದನ್ನು ತಪ್ಪಿಸಲಾಗದಿರಬಹುದು, ಆದರೆ ಹೇಗೆ ಕೆಡಬೇಕೆಂಬುದನ್ನು ಮೊದಲೇ ಗೊತ್ತುಮಾಡಬಹುದು. ಮಾದರಿ ವಿಮಾನದಲ್ಲಿ ಈ ತತ್ತ್ವವನ್ನು ವಿದ್ಯಾರ್ಥಿಯು ತನ್ನ ಕೈಯಿಂದಲೇ ಅಳವಡಿಸಬೇಕಾಗುತ್ತದೆ. ಈ ಹವ್ಯಾಸದಿಂದ ದೊರೆಯುವ ವಿದ್ಯೆಗಳಲ್ಲೆಲ್ಲ ಇದೇ ಹೆಚ್ಚಿನದೆಂದು ನಾವು ತಿಳಿಯುತ್ತೇವೆ.

ಪರೀಕ್ಷೆಯ ಕ್ರಮವೇನೂ ಕಷ್ಟದ್ದಲ್ಲ. ಮೊದಲು ಪ್ರೊಪೆಲ್ಲರನ್ನು ಬಿಚ್ಚಿಡಬೇಕು. ಪ್ರೇಷಕವನ್ನು ಹಾಕಿ, ಅದರ ಪರದೆಯಲ್ಲಿರುವ ಹೆಸರು ಇದೇ ವಿಮಾನದ್ದೆಂದು ನೋಡಿ, ಥ್ರಾಟಲ್ ಕೆಳಗಿದೆಯೆಂದು ಖಚಿತಪಡಿಸಿಕೊಂಡು, ಅನಂತರವೇ ವಿಮಾನದ ಬ್ಯಾಟರಿಯನ್ನು ಜೋಡಿಸಬೇಕು. ಮುಗಿಸುವಾಗ ಇದರ ತಿರುವುಮುರುವು: ವಿಮಾನದ ಬ್ಯಾಟರಿಯನ್ನು ಮೊದಲು ತೆಗೆದು, ಪ್ರೇಷಕವನ್ನು ಕೊನೆಯಲ್ಲಿ ಆರಿಸಬೇಕು. ಈಗ ಮೋಟಾರನ್ನು ಮೆಲ್ಲಗೆ ತಿರುಗಿಸಿ, ಬೇಕೆಂದೇ ಪ್ರೇಷಕವನ್ನು ಆರಿಸಿಬಿಡಿ. ಒಂದೆರಡು ಸೆಕೆಂಡುಗಳಲ್ಲಿ ಮೋಟಾರು ನಿಂತರೆ ಸರಿ. ನಿಲ್ಲದಿದ್ದರೆ ಆ ದಿನ ಹಾರಾಟವಿಲ್ಲ. ಕೆಲವು ಗ್ರಾಹಕಗಳು ಬೈಂಡಿಂಗ್ ಮಾಡುವಾಗ ಸ್ಟಿಕ್ಕು ಎಲ್ಲಿತ್ತೋ ಅದನ್ನೇ ಫೇಲ್‌ಸೇಫ್ ಎಂದು ನೆನಪಿಡುತ್ತವೆ. ಆಗ ಸ್ಟಿಕ್ಕು ಮೇಲಿದ್ದರೆ ಸಂಕೇತ ಕಡಿದಾಗ ಮೋಟಾರು ಓಡತೊಡಗುತ್ತದೆ! ಆದುದರಿಂದ ಬೈಂಡಿಂಗ್ ಮಾಡಿದಾಗಲೆಲ್ಲ ಪರೀಕ್ಷೆಯನ್ನು ಮತ್ತೆ ಮಾಡತಕ್ಕದ್ದು.

ಬಳಿಕ ವಿಮಾನದ ಹಿಂದೆ ನಿಂತು ಸ್ಟಿಕ್ಕನ್ನು ಬಲಕ್ಕೆ ತಳ್ಳಿದರೆ ಬಲರೆಕ್ಕೆಯ ಏಲೆರಾನ್ ಮೇಲೇಳಬೇಕು, ಎಡದ್ದು ಇಳಿಯಬೇಕು. ಸ್ಟಿಕ್ಕನ್ನು ನಮ್ಮ ಕಡೆಗೆ ಎಳೆದರೆ ಬಾಲದ ಎಲಿವೇಟರ್ ಮೇಲೇಳಬೇಕು. ಇದು ತಿರುಗುಮುರುಗಾಗಿದ್ದರೆ ನೆಲದಿಂದ ಎದ್ದ ಕ್ಷಣವೇ ಹಾರಾಟ ಮುಗಿಯುತ್ತದೆ. ಕಡೆಯದಾಗಿ ದೂರದ ಪರೀಕ್ಷೆ. ಅನೇಕ ಪ್ರೇಷಕಗಳಲ್ಲಿ ಶಕ್ತಿಯನ್ನು ತಗ್ಗಿಸುವ ಏರ್ಪಾಡಿರುತ್ತದೆ. ಅದನ್ನು ಬಳಸಿ, ತಯಾರಕರ ಪುಸ್ತಿಕೆ ಹೇಳುವಷ್ಟು ಹೆಜ್ಜೆ ದೂರ ನಡೆದು, ಎಲ್ಲವೂ ಅಲುಗುತ್ತಿದೆಯೇ ಎಂದು ಗೆಳೆಯರೊಬ್ಬರಿಂದ ನೋಡಿಸಬೇಕು. ಹೆಚ್ಚು ದೂರ ಸಿಗಲೆಂದು ಪ್ರೇಷಕಕ್ಕೆ ಶಕ್ತಿವರ್ಧಕವನ್ನು ಜೋಡಿಸುವವರುಂಟು. ೨.೪ ಗಿಗಾಹರ್ಟ್ಸಿನ ಪಟ್ಟಿಯನ್ನು ಲೈಸೆನ್ಸಿಲ್ಲದೆ ಬಳಸಲು ನಮ್ಮ ದೇಶದಲ್ಲಿ ೨೦೦೫ರಿಂದ ಅವಕಾಶವಿದೆಯಾದರೂ ಅದಕ್ಕೆ ಶಕ್ತಿಯ ಮಿತಿಯುಂಟು. ಕಣ್ಣಿಗೆ ಕಾಣುವಷ್ಟೇ ದೂರ ಹಾರಿಸಬೇಕಾದ ವಿಮಾನಕ್ಕೆ ಹೆಚ್ಚಿನ ಶಕ್ತಿಯಾದರೂ ಏತಕ್ಕೆ?

ಎಲ್ಲಿ ಹಾರಿಸಬೇಕೆಂಬುದು ಈಗ ನಮ್ಮ ಊರುಗಳಲ್ಲಿ ಸುಲಭದ ಪ್ರಶ್ನೆಯಾಗಿ ಉಳಿದಿಲ್ಲ. ೨೦೨೧ರ ಡ್ರೋನ್ ನಿಯಮಗಳು ಮಾದರಿ ವಿಮಾನಕ್ಕೂ ಅನ್ವಯಿಸುತ್ತವೆ. ಅವುಗಳಂತೆ ನಡೆಯುತ್ತಿರುವ ವಿಮಾನನಿಲ್ದಾಣದ ಆವರಣದಿಂದ ೮ರಿಂದ ೧೨ ಕಿಲೋಮೀಟರಿನ ಪಟ್ಟಿಯಲ್ಲಿ ೬೦ ಮೀಟರು ಎತ್ತರದವರೆಗೆ ಮಾತ್ರ ಅನುಮತಿಯಿಲ್ಲದೆ ಹಾರಿಸಬಹುದು. ಅದಕ್ಕಿಂತ ಹತ್ತಿರದಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಶಿವಮೊಗ್ಗ, ಭದ್ರಾವತಿ ಎರಡರ ಬಹುಭಾಗವೂ ಸೋಗಾನೆಯಿಂದ ಹನ್ನೆರಡು ಕಿಲೋಮೀಟರಿನ ಒಳಗೇ ಬರುತ್ತದೆ. ಎರಡು ಕಿಲೋಗ್ರಾಂವರೆಗಿನ ವಿಮಾನವನ್ನು ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಲೈಸೆನ್ಸು ಬೇಡವೆಂಬುದು ನಿಜ. ನೋಂದಣಿಯೂ ಸರ್ಕಾರದ ವಾಯುಪ್ರದೇಶದ ನಕ್ಷೆಯನ್ನು ನೋಡುವ ಹೊಣೆಯೂ ಅದರಿಂದ ತಪ್ಪುವುದಿಲ್ಲ. ಇನ್ನು ಕೋಟೆಯ ಬೀದಿಗಳ ಮಾತು: ಒಂದು ಕಡೆ ಶಿವಪ್ಪನಾಯಕನ ಅರಮನೆ, ಇನ್ನೊಂದು ಕಡೆ ಮಾರಿಕಾಂಬೆಯ ಗುಡಿ, ನಡುವೆ ಸದಾ ಜನ, ತಲೆಯ ಮೇಲೆ ವಿದ್ಯುತ್ತಿನ ತಂತಿ. ಅಲ್ಲಿ ಹಾರಿಸಲು ನಿಯಮವು ಒಪ್ಪಿದರೂ ವಿವೇಕವು ಒಪ್ಪದು.

ಇಷ್ಟೆಲ್ಲ ಕಟ್ಟುಪಾಡಿರುವಾಗ ಈ ಆಟವನ್ನೇ ನಿಲ್ಲಿಸಿಬಿಡುವುದು ಮೇಲಲ್ಲವೆ ಎಂದು ಹಿರಿಯರು ಕೆಲವರು ಹೇಳಬಹುದು. ಈ ವಾದವನ್ನು ನಾವು ಒಪ್ಪುವುದಿಲ್ಲ. ೧೮೯೮ರಲ್ಲಿ ನಿಕೊಲಾ ಟೆಸ್ಲಾ ನ್ಯೂಯಾರ್ಕಿನಲ್ಲಿ ರೇಡಿಯೋದಿಂದ ದೋಣಿಯನ್ನು ನಡೆಸಿ ತೋರಿಸಿದ್ದು ಒಂದು ಚಿಕ್ಕ ಕೊಳದಲ್ಲಿ. ದೊಡ್ಡ ವಿದ್ಯೆಗಳು ಹೀಗೆ ಆಟಿಕೆಯ ರೂಪದಲ್ಲಿ ಬಂದದ್ದುಂಟು. ನಿಷೇಧಿಸಿದರೆ ಹುಡುಗರು ಕದ್ದು ಹಾರಿಸುತ್ತಾರೆ, ಆಗ ಪರೀಕ್ಷಿಸುವವರಾರೂ ಇರುವುದಿಲ್ಲ. ಇದಕ್ಕೆ ಬದಲಾಗಿ ಎರಡು ನಗರಗಳ ಕಾಲೇಜುಗಳು ಕೂಡಿ, ನಿಯಮವು ಒಪ್ಪುವ ದೂರದಲ್ಲಿ, ಹೊಲದೊಡೆಯರ ಸಮ್ಮತಿ ಪಡೆದು, ಒಂದು ಬಯಲನ್ನು ಗೊತ್ತುಮಾಡಿಕೊಳ್ಳಲಿ. ಭತ್ತದ ಕೊಯ್ಲಿನ ಮೇಲೆ ಅಂಥ ಬಯಲುಗಳಿಗೆ ಕೊರತೆಯಿಲ್ಲ. ಹಳೆಯ ಕ್ಲಿಪ್ಪಿನ ಹಲಗೆಯ ಜಾಗದಲ್ಲಿ ಒಂದು ದಾಖಲೆ ಪುಸ್ತಕವಿರಲಿ: ದಿನಾಂಕ, ವಿಮಾನದ ತೂಕ, ಫೇಲ್‌ಸೇಫ್ ನೋಡಿದವರ ರುಜು. ರುಜು ಮಾಡುವವರು ಹಾರಿಸುವವರೇ ಆಗಿರಕೂಡದು.

ಮಲೆನಾಡಿನ ಮಳೆಗಾಲದಲ್ಲಿ ಹೇಗೂ ಹಾರಾಟವಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಭೌತಶಾಸ್ತ್ರದ ಪ್ರಯೋಗಶಾಲೆಯ ಒಂದು ಮೇಜನ್ನು ಪ್ರೇಷಕ, ಗ್ರಾಹಕ ಮತ್ತು ನಾಲ್ಕು ಸರ್ವೋಗಳಿಗೆ ಬಿಟ್ಟುಕೊಟ್ಟರೆ ಸಾಕು. ರೆಕ್ಕೆಯನ್ನು ಅಕ್ಟೋಬರಿನಲ್ಲಿ ಕಟ್ಟಬಹುದು.