ಮೊದಲು ಯಾರ ಒಲೆ ಆರಬೇಕು?

ಭೂಮಿಗೆ ಜ್ವರ ಬಂದಿದೆಯಂತೆ. ಅದು ಇಳಿಯಬೇಕಾದರೆ ಎಲ್ಲರೂ ಒಂದಿಷ್ಟು ಸುಖ ಬಿಡಬೇಕಂತೆ. ಪಟ್ಟಣದ ಸಭೆಯೊಂದರಲ್ಲಿ ಏಸಿಯ ತಂಪಿನಲ್ಲಿ ನಿಂತು ದೊಡ್ಡವರೊಬ್ಬರು ಹೀಗಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಅನುಗೊಂಡನಹಳ್ಳಿಯ ನಾವು ಮುಖ ಮುಖ ನೋಡಿಕೊಂಡೆವು. ಬಿಡೋಕೆ ನಮ್ಮ ಹತ್ರ ಏನೈತೆ?

ಜ್ವರ ಸುಳ್ಳಲ್ಲ ಗೆಳೆಯರೇ. 2023ರಲ್ಲಿ ಮಳೆ ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರವೇ ಬರಪೀಡಿತ ಎಂದು ಸಾರಿತು. ಮರುವರ್ಷದ ಮಾರ್ಚಿನಲ್ಲಿ, ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಬೆಂಗಳೂರಿನ ಜಲಮಂಡಳಿ ಆದೇಶ ಹೊರಡಿಸಿತು. ಅಷ್ಟು ಹೇಳೋಕೂ ಒಂದು ಆದೇಶ ಬೇಕಾಯಿತು! ಪಾತ್ರೆ ತೊಳೆದ ನೀರನ್ನೇ ನುಗ್ಗೆ ಗಿಡದ ಬುಡಕ್ಕೆ ಚೆಲ್ಲೋದನ್ನು ನಮ್ಮ ಕೇರಿಯ ಹೆಂಗಸರಿಗೆ ಯಾವ ಮಂಡಳಿಯೂ ಕಲಿಸಲಿಲ್ಲ.

ಲೆಕ್ಕ ಕೇಳೋಣ. ಕಲ್ಲಿದ್ದಲು, ಎಣ್ಣೆ ಸುಟ್ಟು ಅಮೆರಿಕದಲ್ಲಿ ತಲೆಗೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಹೊಗೆ ಏಳುತ್ತದೆ. ಭಾರತದಲ್ಲಿ ಸುಮಾರು 2 ಟನ್. ದೆಹಲಿಯ ದೊರೆಗಳು ಈ ಲೆಕ್ಕವನ್ನು ಜಗತ್ತಿನ ಸಭೆಗಳಲ್ಲಿ ಎದೆ ತಟ್ಟಿ ಹೇಳುತ್ತಾರೆ. ಸರಿಯೇ. ಆದರೆ ಆ 2 ಟನ್ನಿನ ಒಳಗೆ ವೈಟ್‌ಫೀಲ್ಡಿನ ಗಾಜಿನ ಗೋಪುರವೂ ಉಂಟು, ಒಂದೇ ಬಲ್ಬು ಉರಿಯುವ ನಮ್ಮ ಗುಡಿಸಲೂ ಉಂಟು. ಎರಡನ್ನೂ ಕಲಸಿ ಸರಾಸರಿ ತೆಗೆದು, ಆಮೇಲೆ ಇಬ್ಬರಿಗೂ ಒಂದೇ ಬುದ್ಧಿಮಾತು ಹೇಳುವುದು ಯಾವ ನ್ಯಾಯ?

ಹಸಿರಿನ ಹೆಸರಲ್ಲಿ ಏಟು ತಿಂದದ್ದು ನಮಗೆ ಹೊಸದಲ್ಲ. ಎಂಬತ್ತರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಸಾಮಾಜಿಕ ಅರಣ್ಯ ಬಂತು. ಕೋಲಾರ, ಬೆಂಗಳೂರು ಜಿಲ್ಲೆಗಳ ರಾಗಿ ಹೊಲಗಳಲ್ಲಿ ನೀಲಗಿರಿ ಎದ್ದಿತು. ಒಮ್ಮೆ ನೆಟ್ಟರೆ ಕಡಿಯುವ ತನಕ ಆಳು ಬೇಡ. ಜಮೀನಿದ್ದವರಿಗೆ ಆರಾಮ. ಕಳೆ ಕೀಳುವ, ಕೊಯ್ಯುವ, ಕಣ ಮಾಡುವ ಕೂಲಿಯನ್ನೇ ನಂಬಿದವರ ಹೊಟ್ಟೆಗೆ ತಣ್ಣೀರು ಬಟ್ಟೆ. 1983ರಲ್ಲಿ ತುಮಕೂರು ಸೀಮೆಯ ರೈತರು ಸರ್ಕಾರಿ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತರು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ಇನ್ನು ಮುಂದೆ ನೀಲಗಿರಿ ನೆಡಬಾರದು ಅಂತ ಸರ್ಕಾರಕ್ಕೆ ಜ್ಞಾನೋದಯವಾದದ್ದು 2017ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರಿನ ಕೂಲಿ ಹೋಗಿತ್ತು. ಅವ್ವಂದಿರಿಗೆ ಉಳಿದದ್ದು ಆ ತೋಪಿನ ಒಣ ತರಗು, ಪುಳ್ಳೆ, ಕಣ್ಣು ತುಂಬ ಹೊಗೆ.

ಈಗಿನ ಮಾತಿಗೆ ಬರೋಣ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಎದ್ದಿದೆ. ಹೊಗೆಯಿಲ್ಲದ ಕರೆಂಟು, ಬೇಡ ಅನ್ನೋರು ನಾವಲ್ಲ. ಜಮೀನು ಕೊಟ್ಟವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಹಣ ಶುರುವಾಯಿತು. ಆದರೆ ಅದೇ ಜಮೀನಿನಲ್ಲಿ ಕೂಲಿ ಮಾಡುತ್ತಿದ್ದವರಿಗೆ? ಪಹಣಿಯಲ್ಲಿ ಹೆಸರಿಲ್ಲದವರಿಗೆ ಗುತ್ತಿಗೆಯ ಕಾಸೂ ಇಲ್ಲ. ಸೂರ್ಯ ಎಲ್ಲರವನು, ಸೂರ್ಯನ ಬಾಡಿಗೆ ಮಾತ್ರ ಭೂಮಿ ಇದ್ದವರದು!

ಹಾಗಂತ ನಮ್ಮೊಳಗಿನವರನ್ನೂ ಬಿಡಲಾರೆವು. "ಇದೆಲ್ಲ ಹೊಟ್ಟೆ ತುಂಬಿದವರ ಚಿಂತೆ ಕಣಯ್ಯ, ನಮಗ್ಯಾಕೆ?" ಅನ್ನುವ ಸಂಗಾತಿಗಳಿದ್ದಾರೆ. ಮೊದಲ ಸಂಬಳ ಬಂದ ದಿನ ನಮ್ಮ ಕಣ್ಣೂ ಬೈಕಿನ ಅಂಗಡಿ ಕಡೆಗೇ ಹೋಯಿತು. ಬೈಕು ತಪ್ಪಲ್ಲ. ಬಸ್ಸಿಲ್ಲದ ಊರಲ್ಲಿ ಅದೇ ಕಾಲು. ಆದರೆ ಉಳ್ಳವರ ಹಾಗೆ ಸುಡುವುದೇ ಸಮಾನತೆ ಅಂತ ನಂಬಿದರೆ ಕೆಟ್ಟೆವು. ಬಿಸಿಲು ಏರಿದಾಗ ಅದು ಮೊದಲು ಬಡಿಯುವುದು ಇಟ್ಟಿಗೆ ಗೂಡಿನಲ್ಲಿ, ರಸ್ತೆಯ ಡಾಂಬರಿನಲ್ಲಿ, ಕಲ್ಲುಕ್ವಾರಿಯಲ್ಲಿ ನಿಂತ ನಮ್ಮವರ ನೆತ್ತಿಗೆ. ಬೋರು ಬತ್ತಿದಾಗ ಟ್ಯಾಂಕರು ಮೊದಲು ತಿರುಗುವುದು ಕಾಸಿದ್ದವರ ಗೇಟಿಗೆ. ಹಾಗಾಗಿ ಈ ಹೋರಾಟ ಅವರದಕ್ಕಿಂತ ಹೆಚ್ಚು ನಮ್ಮದು. ಅದರ ಬಿಲ್ಲು ಮಾತ್ರ ನಮ್ಮದಲ್ಲ.

1927ರಲ್ಲಿ ಬಾಬಾಸಾಹೇಬರು ಮಹಾಡಿನ ಚೌಡಾರ್ ಕೆರೆಗೆ ಇಳಿದದ್ದು ಬರೀ ಬಾಯಾರಿಕೆಗಲ್ಲ. ಎಲ್ಲರ ನೀರಿನಲ್ಲಿ ನಮಗೂ ಹಕ್ಕುಂಟು ಎಂದು ಸಾರಲು. ಇವತ್ತು ಗಾಳಿ, ನೆರಳು, ಬಿಸಿಲಿಗೂ ಅದೇ ಮಾತು ಹೇಳಬೇಕಾಗಿದೆ.

ಅದಕ್ಕೇ ಕೇಳುತ್ತೇವೆ. ಉಜ್ವಲದಲ್ಲಿ ಒಲೆ ಕೊಟ್ಟಿರಿ, ಸಿಲಿಂಡರು ತುಂಬಿಸೋ ದುಡ್ಡಿಲ್ಲದೆ ಅದು ಮೂಲೆ ಸೇರಿದರೆ ಅವ್ವ ಮತ್ತೆ ಊದುಕೊಳವೆ ಹಿಡಿಯುತ್ತಾಳೆ. ಕೂಲಿಗೆ ಎಟಕುವ ಬೆಲೆಗೆ ಗ್ಯಾಸು ಕೊಡಿ. 2023ರಿಂದ ಹೆಂಗಸರಿಗೆ ಬಸ್ಸು ಬಿಟ್ಟಿ ಆಯಿತು, ಒಳ್ಳೇದು. ಆ ಬಸ್ಸು ಕೇರಿಯ ತಿರುವಿಗೂ ಬರಲಿ, ಆಮೇಲೆ ಬೈಕು ಬಿಡಿ ಅನ್ನಿ. ಸುಡುಬಿಸಿಲ ಹೊತ್ತು ಕೆಲಸ ನಿಲ್ಲಿಸಿ, ಕೂಲಿ ಹಿಡಿಯಬೇಡಿ. ಗೋಮಾಳದಲ್ಲಿ, ಕೆರೆ ಏರಿಯಲ್ಲಿ ಹೊಂಗೆ, ಹುಣಸೆ ನೆಡೋಣ. ಯಾವ ಮರ, ಯಾರಿಗೆ ಫಲ ಅಂತ ತೀರ್ಮಾನಿಸುವ ಗ್ರಾಮಸಭೆಯಲ್ಲಿ ಭೂಮಿಯಿಲ್ಲದವರ ಮಾತೂ ನಡೆಯಲಿ.

ಸುಖ ಬಿಡುವ ಸರದಿ ಸುಖ ಉಂಡವರಿಂದ ಶುರುವಾಗಲಿ. ಗಾಜಿನ ಗೋಪುರದ ಏಸಿ ಒಂದು ಗಂಟೆ ಆರಲಿ, ಮನೆಯ ಮೂರನೇ ಕಾರು ಮೂಲೆಯಲ್ಲಿ ನಿಲ್ಲಲಿ. ಆಮೇಲೆ ನಮ್ಮ ಕೇರಿಗೆ ಬನ್ನಿ. ಕಡಿಮೆಯಲ್ಲಿ ಬದುಕೋದು ಹೇಗೆ ಅಂತ ಅವ್ವ ಹೇಳಿಕೊಡುತ್ತಾಳೆ. ಆದರೆ ಅವಳಿಗೆ ಅದನ್ನು ಉಪದೇಶ ಮಾಡೋಕೆ ಮಾತ್ರ ಬರಬೇಡಿ.