ತೆರೆಯ ಹಿಂದೆ: ಅಂಬಾಸಿಡರ್ ಸ್ವಿಚ್ಚಿಗೂ ಒಂದು ಕ್ಲೋಸಪ್!

ಹಳೇ ಕಾಲದ ಕಥೆಯ ಚಿತ್ರ ಅಂದರೆ ಸಾಕು, ನಿರ್ಮಾಪಕರಿಗೆ ಒಂದು ಹಳೇ ಅಂಬಾಸಿಡರ್ ಬೇಕೇ ಬೇಕು. ಹೀರೋಗೆ ಮೇಕಪ್ ಆದ ಹಾಗೆ ಕಾರಿಗೂ ಆಗುತ್ತೆ. ಬಣ್ಣ ಫಳಫಳ, ಬಂಪರ್ ಮಿರಮಿರ! ಆದರೆ ರಾತ್ರಿ ಶಾಟ್‌ನಲ್ಲಿ 'ಆಕ್ಷನ್' ಅಂದ ಕೂಡಲೇ ಹೆಡ್‌ಲೈಟ್ ಹತ್ತಬೇಕಲ್ಲ ಸ್ವಾಮಿ? ಒಮ್ಮೆ ಹತ್ತಿದರೆ ಮೂರು ಸಲ ಮುನಿಸು. "ಹಳೇ ಸ್ವಿಚ್ಚು, ಕಿತ್ತು ಬಿಸಾಕಿ!" ಅಂತ ಅಪ್ಪಣೆ ಆಗೋದು ಆಗಲೇ.

ನಮ್ಮ ತಕರಾರು ಇಲ್ಲೇ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಅಚ್ಚಿನಿಂದ ಹುಟ್ಟಿದ ಈ ಗಾಡಿಯ ತಯಾರಿಕೆ ಬಂಗಾಳದ ಉತ್ತರಪಾರಾದಲ್ಲಿ 2014ರಲ್ಲೇ ನಿಂತಿತು. ಹಳೇ ಮಾಡೆಲ್ಲಿನ ಸ್ವಿಚ್ಚು ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಸಿಕ್ಕರೆ ಪುಣ್ಯ.

ಅಷ್ಟಕ್ಕೂ ಸ್ವಿಚ್ಚಿನ ಕಾಯಿಲೆ ಏನು? ಒಳಗಿನ ಹಿತ್ತಾಳೆ, ತಾಮ್ರದ ಕಾಂಟ್ಯಾಕ್ಟ್‌ಗೆ ಕಿಲುಬು ಹಿಡಿದಿರುತ್ತೆ, ಅಷ್ಟೆ. ಕಾಲಲ್ಲಿ ತುಳಿಯುವ ಡಿಪ್ಪರ್ ಸ್ವಿಚ್ಚಿಗಂತೂ ನೀರು, ಕೆಸರು ಎಲ್ಲಾ ಅಲ್ಲೇ. 45 ವಾಟಿನ ಎರಡು ಬಲ್ಬಿಗೆ 12 ವೋಲ್ಟಿನಲ್ಲಿ ಏಳೂವರೆ ಆಂಪಿಯರ್ ಹರಿಯಬೇಕು. ಕಿಲುಬಿನಿಂದ ಒಂದು ಓಮ್‌ನ ಹತ್ತನೇ ಒಂದು ಪಾಲು ತಡೆ ಬಂದರೂ ಮುಕ್ಕಾಲು ವೋಲ್ಟ್ ಅಲ್ಲೇ ಖೋತಾ! ಬೆಳಕು ಸುಮಾರು ಐದರಲ್ಲಿ ಒಂದು ಪಾಲು ಕಡಿಮೆ. ಆ ಜಾಗದಲ್ಲಿ ಐದು ವಾಟಿಗೂ ಮಿಕ್ಕಿದ ಬಿಸಿ.

ತಮಾಷೆ ಅಲ್ಲ ಕಣ್ರೀ, ಅಪಾಯ ಇರೋದು ಇಲ್ಲೇ. ಕರೆಂಟು ಹೆಚ್ಚಾದರೆ ತಾನೇ ಫ್ಯೂಸ್ ಹಾರೋದು? ಇಲ್ಲಿ ಕರೆಂಟು ಕಡಿಮೆಯೇ ಆಗಿರುತ್ತೆ. ಫ್ಯೂಸ್ ತೆಪ್ಪಗಿರುತ್ತೆ, ಡ್ಯಾಶ್‌ಬೋರ್ಡಿನ ಹಿಂದೆ ವೈರಿನ ಹೊದಿಕೆ ಕರಗುತ್ತಾ ಇರುತ್ತೆ. ಸುಟ್ಟ ವಾಸನೆ ಮೊದಲು ಬಡಿಯೋದು ನಿರ್ಮಾಪಕರ ಮೂಗಿಗಲ್ಲ, ಒಳಗೆ ಕೂತ ಡ್ರೈವರಣ್ಣನಿಗೆ, ಇಲ್ಲವೇ ಹೀರೋ ಬದಲು ಗಾಡಿ ಓಡಿಸೋ ಡ್ಯೂಪ್‌ಗೆ.

ಚಿಕಿತ್ಸೆ ಏನು? ಮೊದಲು ಬ್ಯಾಟರಿಯ ಅರ್ಥ್ ಕಡೆ ಬಿಚ್ಚಿ. ಹಳೇ ಇಂಗ್ಲಿಷ್ ಗಾಡಿಗಳಲ್ಲಿ ಅದು ಪಾಸಿಟಿವ್ ಕಡೆಯೂ ಇರುತ್ತಿತ್ತು, ನೋಡಿಕೊಂಡು ಬಿಚ್ಚಿ. ವೈರುಗಳಿಗೆ ಗುರುತು ಕಟ್ಟಿ, ಸ್ವಿಚ್ಚಿನ ಮಡಿಸಿದ ತಗಡಿನ ಕಿವಿಗಳನ್ನು ನಿಧಾನವಾಗಿ ಎತ್ತಿ. ಅವಸರಪಟ್ಟರೆ ಬೇಕಲೈಟ್ ಬಿರುಕು ಬಿಡುತ್ತೆ. ಸ್ಪ್ರಿಂಗು ಹಾರಿ ಹೋಗದ ಹಾಗೆ ಬಟ್ಟೆಯ ಮೇಲೆ ಬಿಚ್ಚಿ. ಕಿಲುಬಿಗೆ ಕಾಂಟ್ಯಾಕ್ಟ್ ಕ್ಲೀನರ್. ಹೋಗದಿದ್ದರೆ ನಯವಾದ ಎಮರಿ ಕಾಗದ, ಎರಡೇ ಎರಡು ಸವರು. ಬೆಳ್ಳಿ ಲೇಪನ ಇದ್ದರೆ ಎಮರಿ ಮುಟ್ಟಿಸಲೇಬೇಡಿ. ಸೋತ ಸ್ಪ್ರಿಂಗನ್ನು ಎಳೆದು ಉದ್ದ ಮಾಡಬೇಡಿ, ಅದೇ ಅಳತೆಯ ಬೇರೆಯದು ಹಾಕಿ. ಜೋಡಿಸಿದ ಮೇಲೆ ಮೀಟರಿನಲ್ಲಿ ನೋಡಿ, ಓಮ್ ಹೆಚ್ಚುಕಡಿಮೆ ಸೊನ್ನೆ ತೋರಿಸಬೇಕು.

ಕೊನೆಗೊಂದು ರಿಲೇ, ಅದಕ್ಕೊಂದು ಬೇರೆ ಫ್ಯೂಸ್. ಹೆಡ್‌ಲೈಟಿನ ಭಾರ ರಿಲೇ ಹೊರುತ್ತೆ, ಸ್ವಿಚ್ಚಿಗೆ ಕಾಲು ಆಂಪಿಯರಿನಷ್ಟೂ ಬೀಳೋದಿಲ್ಲ. ಮುಂದೆ ಕಾಣೋದು ಅಜ್ಜನ ಕಾಲದ ಗುಬ್ಬಿ, ಹಿಂದೆ ದುಡಿಯೋದು ಈ ಕಾಲದ ಪೆಟ್ಟಿಗೆ. ನಮ್ಮ ಡ್ಯೂಪ್‌ಗಳ ಕೆಲಸವೂ ಇದೇ ತಾನೇ?

ಹೀರೋ ಮುಖಕ್ಕೆ ಬೆಳಕು ಹೊಂದಿಸೋಕೆ ಅರ್ಧ ದಿನ ಕೊಡೋ ನಿರ್ಮಾಪಕ ಮಹಾಶಯರೇ, ಗಾಡಿಯ ಎಲೆಕ್ಟ್ರಿಷಿಯನ್ನಿಗೂ ಅರ್ಧ ದಿನ ಕೊಡಿ. ಟೈಟಲ್ ಕಾರ್ಡಿನಲ್ಲಿ ಅವನ ಹೆಸರು ಹಾಕದಿದ್ದರೂ ಪರವಾಗಿಲ್ಲ, ಡ್ರೈವರಣ್ಣ ಕ್ಷೇಮವಾಗಿ ಮನೆ ಸೇರಲಿ!