ಕೆಚ್ಚಲಿಗೆ ಕೊಟ್ಟ ಮದ್ದು ಹೆಪ್ಪಿಗೂ ತಲುಪುತ್ತದೆ

ಮೊಸರಿನ ಬ್ಯಾಕ್ಟೀರಿಯಾ ನಿರಪಾಯಕಾರಿ, ಆದ್ದರಿಂದ ಅದರ ಕುರಿತು ಚಿಂತಿಸಬೇಕಾದ್ದೇನೂ ಇಲ್ಲ ಎಂಬ ವಾದವೊಂದಿದೆ. ಈ ವಾದದ ಪೂರ್ವಾರ್ಧ ಸತ್ಯ, ಉತ್ತರಾರ್ಧ ಅಪಾಯಕರ. ಬ್ಯಾಕ್ಟೀರಿಯಾ ಸಾಧುವಾಗಿರಬಹುದು, ಅದು ಹೊತ್ತು ತಿರುಗುವ ಗಂಟು ಸಾಧುವಾಗಿರಬೇಕೆಂದಿಲ್ಲ.

ಆ ಗಂಟಿನ ಹೆಸರು ಪ್ಲಾಸ್ಮಿಡ್. ಬ್ಯಾಕ್ಟೀರಿಯಾದ ಮುಖ್ಯ ವರ್ಣತಂತುವಿನಿಂದ ಪ್ರತ್ಯೇಕವಾಗಿ, ಸಾಮಾನ್ಯವಾಗಿ ಬಳೆಯಾಕಾರದಲ್ಲಿರುವ ಚಿಕ್ಕ ಡಿ.ಎನ್.ಎ. ಇದು. 1952ರಲ್ಲಿ ಜೋಶುವಾ ಲೆಡರ್‌ಬರ್ಗ್ ಇದಕ್ಕೆ ಈ ಹೆಸರನ್ನಿತ್ತರು. ಪ್ಲಾಸ್ಮಿಡ್ ಪೀಳಿಗೆಯಿಂದ ಪೀಳಿಗೆಗೆ ಮಾತ್ರವಲ್ಲ, ನೆರೆಯಿಂದ ನೆರೆಗೂ ದಾಟಬಲ್ಲದು. ಎರಡು ಬ್ಯಾಕ್ಟೀರಿಯಾಗಳು ಪರಸ್ಪರ ತಾಗಿ ನಿಂತಾಗ ಒಂದರ ಪ್ಲಾಸ್ಮಿಡ್‌ನ ಪ್ರತಿ ಇನ್ನೊಂದನ್ನು ಸೇರಬಹುದು. ಅವೆರಡೂ ಒಂದೇ ಜಾತಿಯವಾಗಿರಬೇಕೆಂಬ ಕಟ್ಟುಪಾಡೂ ಇಲ್ಲ. ಡಿ.ಎನ್.ಎ.ಯಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುವ ತುಣುಕುಗಳೂ ಉಂಟು. ಮುಸುಕಿನ ಜೋಳದಲ್ಲಿ ಇಂಥವನ್ನು ಕಂಡುಹಿಡಿದುದಕ್ಕಾಗಿ ಬಾರ್ಬರಾ ಮೆಕ್ಲಿಂಟಾಕ್ 1983ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಬ್ಯಾಕ್ಟೀರಿಯಾದಲ್ಲಿ ಅಂತಹ ತುಣುಕು ಪ್ಲಾಸ್ಮಿಡ್‌ನ ಮೇಲೇರಿದರೆ ಅದರ ಸಂಚಾರಕ್ಕೆ ವಾಹನವೇ ದೊರೆತಂತೆ.

ಈ ಕೊಡುಕೊಳ್ಳುವಿಕೆಯನ್ನು ಶತ್ರುವೆಂದು ಬಗೆಯುವುದು ತಪ್ಪು. ಹೈನದ ಪ್ರಮುಖ ಬ್ಯಾಕ್ಟೀರಿಯಾ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್‌ನಲ್ಲಿ ಹಾಲಿನ ಸಕ್ಕರೆಯನ್ನು ಬಳಸುವ ಮತ್ತು ಹಾಲಿನ ಪ್ರೋಟೀನನ್ನು ಒಡೆಯುವ ಜೀನ್‌ಗಳು ಬಹುಮಟ್ಟಿಗೆ ಪ್ಲಾಸ್ಮಿಡ್‌ಗಳಲ್ಲೇ ಇವೆ. 1970ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಲ್ಯಾರಿ ಮೆಕೇ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ಪ್ಲಾಸ್ಮಿಡ್ ಕಳೆದುಕೊಂಡ ಲ್ಯಾಕ್ಟೊಕಾಕಸ್ ಹಾಲನ್ನು ಹುಳಿಯಾಗಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಆದರೆ ಒಳಿತು ಬಂದ ಬಾಗಿಲಿನಿಂದಲೇ ಕೆಡುಕೂ ಬರಬಲ್ಲದು.

ಅದು ಬಂದಿರುವುದಕ್ಕೆ ಪುರಾವೆಯೂ ಇದೆ. 1997ರಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು, ಕಾಯಿಸದ ಹಾಲಿನಿಂದ ಮಾಡಿದ ಮೆದು ಚೀಸ್‌ನಲ್ಲಿ ದೊರೆತ ಲ್ಯಾಕ್ಟೊಕಾಕಸ್ ಒಂದರ ಪ್ಲಾಸ್ಮಿಡ್ಡನ್ನು ಓದಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್ ಎಂಬ ಮೂರು ಔಷಧಗಳಿಗೆ ಮಣಿಯದ ಜೀನ್‌ಗಳು ಆ ಒಂದೇ ಬಳೆಯಲ್ಲಿದ್ದವು. ಟೆಟ್ರಾಸೈಕ್ಲಿನ್‌ಗೆ ಮಣಿಯದ ಜೀನ್, ರೋಗಕಾರಕ ಲಿಸ್ಟೀರಿಯಾದಲ್ಲಿರುವ ಜೀನನ್ನೇ ಹೋಲುತ್ತಿತ್ತು. ರೋಗಾಣು ಮತ್ತು ಹೆಪ್ಪಿನ ಜೀವಿಯ ನಡುವೆ ಗೋಡೆಯಿದೆ ಎಂಬ ನಂಬಿಕೆ ಅಲ್ಲಿಗೆ ಕುಸಿಯಿತು.

‘ಇಲ್ಲಿ ಹಾಲನ್ನು ಕಾಯಿಸಿಯೇ ಹೆಪ್ಪು ಹಾಕುತ್ತಾರಲ್ಲ, ಭಯವೇಕೆ?’ ಎಂದು ಕೇಳುವವರಿದ್ದಾರೆ. ಕಾಯಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆ ಅಭ್ಯಾಸ ಉಳಿಯಲೇಬೇಕು. ಆದರೆ ಹಾಲಿಗಿಳಿದ ಆಂಟಿಬಯಾಟಿಕ್ ಶೇಷ ಕುದಿತದಿಂದ ಪೂರ್ತಿ ನಾಶವಾಗುವುದಿಲ್ಲ. ಹೆಪ್ಪು ಬೀಳುವುದು ಕಾಯಿಸಿದ ನಂತರ. ಶೇಷ ಹೆಚ್ಚಿದ್ದರೆ ಹಾಲು ಹೆಪ್ಪುಗಟ್ಟುವುದೇ ಇಲ್ಲ. ಕಡಿಮೆಯಿದ್ದರೆ ಮದ್ದಿಗೆ ಸೋಲುವ ಜೀವಿ ಹಿಂದೆ ಬಿದ್ದು, ಮದ್ದನ್ನು ಮೀರುವ ಜೀವಿಗೆ ಅವಕಾಶ ದೊರೆಯುತ್ತದೆ. ಡೇರಿಗೆ ಹಾಕಲಾಗದ ಹಾಲನ್ನು ಕರುವಿಗೆ ಕುಡಿಸಿದರೆ ಅದೇ ಆಯ್ಕೆ ಕರುವಿನ ಕರುಳಿನಲ್ಲಿ ನಡೆಯುತ್ತದೆ. ಅಲ್ಲಿಂದ ಸಗಣಿ, ಗೊಬ್ಬರದ ಗುಂಡಿ, ಗದ್ದೆ, ಹಳ್ಳ.

ಇದರ ಹೊಣೆ ಯಾರದು? ಎರಡು ಹಸು ಕಟ್ಟಿದ ರೈತನತ್ತ ಬೆರಳು ತೋರುವುದು ಸುಲಭ. ಆದರೆ ಕೆಚ್ಚಲು ಬಾವು ಬಂದ ಹಸುವಿನ ಹಾಲನ್ನು ದಿನಗಟ್ಟಲೆ ಚೆಲ್ಲಬೇಕೆಂದು ಮದ್ದಿನ ಚೀಟಿ ಹೇಳುವಾಗ, ಆ ದಿನಗಳ ಸಂಸಾರ ಹೇಗೆ ಸಾಗಬೇಕೆಂದು ಯಾವ ಚೀಟಿಯೂ ಹೇಳುವುದಿಲ್ಲ. ಪಶುವೈದ್ಯರು ಎಟುಕದ ಊರಿನಲ್ಲಿ ಅಂಗಡಿಯವನೇ ವೈದ್ಯನಾಗುತ್ತಾನೆ. ಲಾಭ ಎಲ್ಲರದು, ನಷ್ಟ ಕೊಟ್ಟಿಗೆಯದು ಎಂಬ ಈ ಲೆಕ್ಕವೇ ಹಾಲಿಗೆ ಮದ್ದು ಬೆರೆಸುತ್ತಿದೆ.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ 6,432 ಹಾಲಿನ ಮಾದರಿಗಳ ಪೈಕಿ 77ರಲ್ಲಿ ಆಂಟಿಬಯಾಟಿಕ್ ಶೇಷ ಮಿತಿಮೀರಿತ್ತು. ಸಂಖ್ಯೆ ಚಿಕ್ಕದೆಂದು ಸಮಾಧಾನಪಡುವಂತಿಲ್ಲ. ಶೇಷ ಒಂದೆರಡು ವಾರದಲ್ಲಿ ಕರಗೀತು. ಜೀನ್ ಕರಗುವುದಿಲ್ಲ, ಕವಲೊಡೆಯುತ್ತದೆ.

ಪರಿಹಾರ ಅಸಾಧ್ಯವೇನಲ್ಲ. ಲ್ಯಾಕ್ಟೊಬ್ಯಾಸಿಲಸ್ ರೂಟರಿ ಎಂಬ ಉಪಯುಕ್ತ ಬ್ಯಾಕ್ಟೀರಿಯಾದ ಒಂದು ತಳಿಯಿಂದ ಔಷಧ ಪ್ರತಿರೋಧದ ಎರಡು ಪ್ಲಾಸ್ಮಿಡ್‌ಗಳನ್ನು ತೆಗೆದುಹಾಕಿ, ಅದರ ಗುಣ ಉಳಿಸಿಕೊಂಡ ವಿವರ 2008ರಲ್ಲೇ ಪ್ರಕಟವಾಗಿದೆ. ಕಾರ್ಖಾನೆಯ ಹೆಪ್ಪು ಮಾರುವವರು ತಮ್ಮ ತಳಿಯಲ್ಲಿ ದಾಟಬಲ್ಲ ಪ್ರತಿರೋಧ ಜೀನ್ ಇಲ್ಲವೆಂದು ಪರೀಕ್ಷಿಸಿ ಘೋಷಿಸಲಿ. ಚಿಕಿತ್ಸೆಯಲ್ಲಿರುವ ಹಸುವಿನ ಹಾಲನ್ನು ತಡೆಹಿಡಿದ ರೈತನಿಗೆ ಹಾಲು ಒಕ್ಕೂಟಗಳು ನಷ್ಟ ಕಟ್ಟಿಕೊಡಲಿ. ವೈದ್ಯರ ಚೀಟಿಯಿಲ್ಲದೆ ಪಶು ಆಂಟಿಬಯಾಟಿಕ್ ಮಾರಾಟ ನಿಲ್ಲಲಿ. ವೈದ್ಯರು ಹಳ್ಳಿಗೆ ಬರಲಿ.

ಒಂದು ಮನೆಯ ಹೆಪ್ಪು ಕೆಟ್ಟರೆ ನೆರೆಮನೆಯಿಂದ ತರುವುದು ಮಲೆನಾಡಿನ ವಾಡಿಕೆ. ಆ ಸಾಲದ ಬಟ್ಟಲಿನಲ್ಲಿ ಏನು ಬರುತ್ತದೆ ಎಂಬುದು ಇನ್ನು ಒಂದು ಮನೆಯ ವಿಷಯವಲ್ಲ, ಇಡೀ ಊರಿನ ವಿಷಯ.